ಸುಗಂಧದಶಮಿಯೂ ವಾಸನಾಕಾಲವೂ



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಆರನೆಯ ದಿನ ಉತ್ತಮ ಸಂಯಮ ಧರ್ಮದ ದಿನ. ಅದೇ ದಿನ ದಶಮಿಯ ತಿಥಿ. ಅಂದು ನಮ್ಮ ತಾಯಂದಿರು ಸುಗಂಧದಶಮಿಯ ವ್ರತವನ್ನು ಆಚರಿಸುತ್ತಾರೆ. ಉಪವಾಸವಿದ್ದು, ಹತ್ತನೆಯ ತೀರ್ಥಂಕರರಾದ ಶೀತಲನಾಥ ಸ್ವಾಮಿಯನ್ನು ಪೂಜಿಸಿ, ಬಸದಿಯಲ್ಲಿ ಧೂಪವನ್ನು ಅರ್ಪಿಸುತ್ತಾರೆ. ಸುಗಂಧಕ್ಕೂ ಸಂಯಮಕ್ಕೂ ಒಂದೇ ದಿನ ಒದಗಿ ಬಂದಿರುವುದನ್ನು ನಾವು ಎಷ್ಟು ಮಂದಿ ಗಮನಿಸಿದ್ದೇವೆ? ಪರಿಮಳವು ಭೋಗದ ವಸ್ತು. ಸಂಯಮವು ಭೋಗದ ಕಡಿವಾಣ. ಇವೆರಡೂ ಒಂದೇ ಹೊಸ್ತಿಲಲ್ಲಿ ಸೇರಿರುವುದರ ಅರ್ಥವನ್ನು ಇಂದು ವಿಚಾರ ಮಾಡೋಣ.

ಮೊದಲು ಗಂಧವೆಂದರೇನೆಂಬುದನ್ನು ತಿಳಿಯಬೇಕು. ಸ್ಪರ್ಶ, ರಸ, ಗಂಧ, ವರ್ಣಗಳು ಪುದ್ಗಲದ ಗುಣಗಳೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಸ್ಪರ್ಶದಲ್ಲಿ ಎಂಟು ಭೇದ, ರಸದಲ್ಲಿ ಐದು, ವರ್ಣದಲ್ಲಿ ಐದು. ಆದರೆ ಗಂಧದಲ್ಲಿ ಎರಡೇ ಭೇದ, ಸುಗಂಧ ಮತ್ತು ದುರ್ಗಂಧ. ಆತ್ಮನಿಗೆ ಗಂಧವಿಲ್ಲ. ಮಲ್ಲಿಗೆಯಲ್ಲಿರುವುದೂ ಪುದ್ಗಲ, ಕೊಳೆತ ಮೀನಿನಲ್ಲಿರುವುದೂ ಪುದ್ಗಲ. ಒಂದರ ಕಡೆಗೆ ಮುಖ ಚಾಚಿ ಇನ್ನೊಂದರಿಂದ ಮುಖ ತಿರುಗಿಸುವವನು ಮೂಗಿನ ಯಜಮಾನನಾದ ಜೀವನೇ. ಆ ಚಾಚುವಿಕೆಗೆ ರಾಗವೆಂದೂ ಆ ತಿರುಗುವಿಕೆಗೆ ದ್ವೇಷವೆಂದೂ ಹೆಸರು. ಇರುವೆಯಂಥ ತ್ರೀಂದ್ರಿಯ ಜೀವಿಗೆ ಮೊದಲಾಗಿ ದೊರೆಯುವ ಈ ಘ್ರಾಣೇಂದ್ರಿಯವು ಅದರ ಹೊಟ್ಟೆಪಾಡಿಗೆ ದಾರಿ ತೋರುತ್ತದೆ. ವಿವೇಕವುಳ್ಳ ಪಂಚೇಂದ್ರಿಯ ಮನುಷ್ಯನಿಗೋ ಅದು ಹಲವು ವೇಳೆ ವಿಲಾಸಕ್ಕೆ ದಾರಿಯಾಗುತ್ತದೆ. ಕಮಲದ ಪರಿಮಳಕ್ಕೆ ಸೋತು, ಸಂಜೆ ಮುಚ್ಚಿದ ಹೂವಿನೊಳಗೆ ಪ್ರಾಣ ಬಿಡುವ ದುಂಬಿಯ ದೃಷ್ಟಾಂತವನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮರವನ್ನು ಕೊರೆಯಬಲ್ಲ ದುಂಬಿಗೆ ಎಸಳನ್ನು ಕೊರೆಯಲು ಮನಸ್ಸು ಬರಲಿಲ್ಲ.

ಪರಿಮಳದ ವಿಷಯ ನಮ್ಮ ಕರಾವಳಿಗೆ ಹೊಸತಲ್ಲ. ಕಾಪು ಸೀಮೆಯ ಶಂಕರಪುರದ ಮಲ್ಲಿಗೆ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಕಟ್ಟಿಸಿಕೊಂಡು ಉಡುಪಿಯ ಪೇಟೆಗೂ ಮಂಗಳೂರಿಗೂ ಮುಂಬಯಿಗೂ ಹೋಗುತ್ತದೆ. ಘಟ್ಟದ ಕಾಳುಮೆಣಸಿಗಾಗಿ ಸಮುದ್ರದಾಚೆಯ ಜನ ಹಡಗು ಕಟ್ಟಿಕೊಂಡು ಬಂದರು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಜಿನಭಕ್ತೆ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಮೇಲಿನ ಶ್ರೀಗಂಧವಂತೂ ಲೋಕಪ್ರಸಿದ್ಧ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ನಿಂಬೆ, ಮಾದಳಗಳು ನಮ್ಮ ಹಿತ್ತಿಲಿನ ಹಣ್ಣುಗಳು. ಇಂದು ಇವೇ ಮೂರು ಬಗೆಯ ದ್ರವ್ಯಗಳು, ಹುಳಿಹಣ್ಣಿನ ಸಿಪ್ಪೆ, ಅಡುಗೆಮನೆಯ ಸಂಬಾರ, ಕಾಡಿನ ಮರ, ಒಂದೇ ಸೀಸೆಯೊಳಗೆ ಸೇರಿ ಮಣಿಪಾಲದ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಕುಳಿತಿವೆ. ತರುಣರು ಇದನ್ನು ಸೆಂಟು ಎನ್ನುತ್ತಾರೆ, ಹಿರಿಯರು ಅತ್ತರು ಎನ್ನುತ್ತಾರೆ. ಮಾರುವವರು ಇದಕ್ಕೆ 'ದಿಟ್ಟ ಪರಿಮಳ' ಎಂಬ ವಿಶೇಷಣವನ್ನು ಸೇರಿಸುತ್ತಾರೆ.

ಇದರ ಗುಣವನ್ನು ಸ್ವಲ್ಪ ಪರಿಶೀಲಿಸಿ ನೋಡುವುದು ನಮ್ಮ ಪ್ರಕೃತ ವಿಷಯಕ್ಕೆ ಅಗತ್ಯ. ಇಂಥ ಸೆಂಟನ್ನು ಮೈಗೆ ಹಚ್ಚಿದೊಡನೆ ಮೊದಲು ಎದ್ದು ಬರುವುದು ಕಿತ್ತಳೆ, ನಿಂಬೆ, ಇಟಲಿಯಲ್ಲಿ ಬೆಳೆಯುವ ಬರ್ಗಮಾಟ್ ಎಂಬ ಹುಳಿಹಣ್ಣು, ಇವುಗಳ ಚುರುಕಾದ ವಾಸನೆ. ಸಿಪ್ಪೆಯ ಎಣ್ಣೆಯ ಅಂಶಗಳು ಬಹಳ ಹಗುರವಾದವು. ಬೇಗನೆ ಆವಿಯಾಗಿ ಮೂಗನ್ನು ಮುಟ್ಟುತ್ತವೆ, ಅಷ್ಟೇ ಬೇಗನೆ ಮುಗಿದುಹೋಗುತ್ತವೆ. ಅವು ಅಡಗುವ ಹೊತ್ತಿಗೆ ಕಾಳುಮೆಣಸು, ಏಲಕ್ಕಿ, ಲವಂಗ, ದಾಲ್ಚಿನ್ನಿಗಳ ಬಿಸುಪು ಮೇಲೇಳುತ್ತದೆ. ಇದು ಕೆಲವು ಗಂಟೆಗಳ ಕಾಲ ನಿಲ್ಲುತ್ತದೆ. ಅದೂ ಇಳಿದ ಮೇಲೆ ಕೊನೆಗೆ ಉಳಿಯುವುದು ಶ್ರೀಗಂಧ, ದೇವದಾರು, ಲಾಮಂಚಗಳ ಗಂಭೀರವಾದ ವಾಸನೆ. ಇವುಗಳ ಅಂಶಗಳು ಭಾರವಾದವು, ನಿಧಾನವಾಗಿ ಬಿಡುಗಡೆಯಾಗುವಂಥವು. ಮರುದಿನ ಅಂಗಿಯನ್ನು ಒಗೆಯಲು ತೆಗೆದುಕೊಂಡಾಗಲೂ ಕಾಲರಿನಲ್ಲಿ ಅದು ಇರುತ್ತದೆ. ಒಂದೇ ಸೀಸೆ, ಒಂದೇ ಹನಿ; ಆದರೆ ಅದರೊಳಗೆ ಮೂರು ಆಯುಷ್ಯಗಳಿವೆ.

ಈ ಮೂರು ಆಯುಷ್ಯಗಳ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಅದು ನಮಗೆ ಬೇಕಾಗುತ್ತದೆ.

ಸಂಯಮವು ಎರಡು ಬಗೆ: ಇಂದ್ರಿಯಸಂಯಮ ಮತ್ತು ಪ್ರಾಣಿಸಂಯಮ. ಪರಿಮಳದ ವಿಷಯದಲ್ಲಿ ಎರಡಕ್ಕೂ ಕೆಲಸವಿದೆ.

ಇಂದ್ರಿಯಸಂಯಮವನ್ನು ಮೊದಲು ನೋಡೋಣ. ಉಪವಾಸವೆಂದೊಡನೆ ನಮ್ಮ ಗಮನವೆಲ್ಲ ನಾಲಗೆಯ ಮೇಲೆ ಹೋಗುತ್ತದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡಬೇಕಾದವುಗಳನ್ನು ಎಣಿಸುವಾಗ ಪಂಚಪಾಪಗಳನ್ನು ಹೇಳಿ, ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯಗಳನ್ನು ಹೇಳುತ್ತಾರೆ. ಈ ಪಟ್ಟಿಯಲ್ಲಿ ಗಂಧ, ಪುಷ್ಪ, ನಸ್ಯ ಎಂಬ ಮೂರು ಮೂಗಿಗೆ ಸಂಬಂಧಿಸಿದವು. ಊಟವನ್ನು ಬಿಟ್ಟವನು ಮೂಗಿಗೆ ಔತಣವಿಕ್ಕಬಾರದೆಂಬುದು ಆಚಾರ್ಯರ ಅಭಿಪ್ರಾಯ. ಹಸಿದ ದೇಹದಲ್ಲಿ ಮೂಗು ಎಷ್ಟು ಚುರುಕಾಗುತ್ತದೆಂಬುದನ್ನು ಉಪವಾಸ ಮಾಡಿದವರೆಲ್ಲ ಬಲ್ಲರು. ನೆರೆಮನೆಯ ಒಗ್ಗರಣೆಯೂ ಅಂದು ಕರೆಯುತ್ತದೆ. ಮೂಗು ಬಾಯಿಯ ದೂತ. ದೂತನನ್ನು ಒಳಗೆ ಬಿಟ್ಟುಕೊಂಡು ಅರಸನಿಗೆ ಬಾಗಿಲು ಹಾಕಿದರೆ ಕೋಟೆ ಉಳಿಯುವುದಿಲ್ಲ.

ಒಮ್ಮೆ ಬಳಸಿದರೆ ಮುಗಿದುಹೋಗುವುದು ಭೋಗ, ಮತ್ತೆ ಮತ್ತೆ ಬಳಸಬಹುದಾದದ್ದು ಉಪಭೋಗ. ಊಟ, ಹೂವು, ಗಂಧ ಮೊದಲನೆಯದಕ್ಕೆ ಸೇರುತ್ತವೆ. ಬಟ್ಟೆ, ಆಭರಣ, ಹಾಸಿಗೆ ಎರಡನೆಯದಕ್ಕೆ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಶ್ರಾವಕನು ಇವುಗಳಿಗೆ ಒಂದು ಮಿತಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಆ ಮಿತಿ ಜೀವನಪರ್ಯಂತವಾದರೆ ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲವನ್ನು ಗೊತ್ತುಮಾಡಿಕೊಂಡರೆ ನಿಯಮ. ಯೌವನದಲ್ಲಿರುವ ಮಕ್ಕಳಿಗೆ ಯಮವನ್ನು ಹೇರಿದರೆ ಅವರು ಮುರಿದಾರು. ನಿಯಮವನ್ನು ಕಲಿಸಿದರೆ ಬಾಗಿಯಾರು. ಗೃಹಸ್ಥನಿಗೆ ಪರಿಮಳವೇ ನಿಷಿದ್ಧವೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಮಿತಿಯಿಲ್ಲದ ಪರಿಮಳ ಬೇಡವೆಂದು ಹೇಳಿದರು.

ಮಣಿಪಾಲದಲ್ಲಿ ಓದುತ್ತಿರುವ ಹುಡುಗನೊಬ್ಬ ರಜೆಗೆ ಕಾರ್ಕಳದ ಕಡೆಯ ತನ್ನ ಊರಿಗೆ ಬಂದು, ಚತುರ್ದಶಿಯಂದು ಬಸದಿಯ ಇಂದ್ರರನ್ನು ಕೇಳಿದನೆಂದು ಭಾವಿಸೋಣ.

"ಇಂದ್ರರೇ, ನೀವು ದಿನವೂ ಗಂಧ ತೇಯುತ್ತೀರಿ, ಧೂಪ ಹಾಕುತ್ತೀರಿ. ದೇವರಿಗೆ ಪರಿಮಳ ಸಲ್ಲುವುದಾದರೆ ನಾನು ಸೆಂಟು ಹಚ್ಚಿಕೊಂಡು ಬಂದದ್ದರಲ್ಲಿ ತಪ್ಪೇನು?"

"ತಪ್ಪು ಒಪ್ಪು ಆಮೇಲೆ ನೋಡುವ, ಮಗಾ. ಸ್ವಾಮಿಗೆ ಮೂಗಿನ ಸುಖ ಬೇಕೆಂದು ನಾವು ಗಂಧ ಇಡುವುದೆಂದು ಯಾರು ಹೇಳಿದ್ದು ನಿನಗೆ?"

ಇಂದ್ರರ ಈ ಮರುಪ್ರಶ್ನೆಯಲ್ಲಿ ಅಷ್ಟದ್ರವ್ಯ ಪೂಜೆಯ ತಿರುಳಿದೆ. ವೀತರಾಗನಾದ ಜಿನನಿಗೆ ಜಲದ ಬಾಯಾರಿಕೆಯಿಲ್ಲ, ನೈವೇದ್ಯದ ಹಸಿವಿಲ್ಲ, ಗಂಧದ ಬಯಕೆಯಿಲ್ಲ. ಜನ್ಮ-ಜರಾ-ಮರಣಗಳು ತೊಳೆದುಹೋಗಲೆಂದು ಜಲ, ಸಂಸಾರತಾಪ ತಣಿಯಲೆಂದು ಗಂಧ, ಅಕ್ಷಯಪದಕ್ಕಾಗಿ ಅಕ್ಷತೆ, ಕಾಮವಿಕಾರ ನಾಶವಾಗಲೆಂದು ಪುಷ್ಪ, ಕ್ಷುಧಾರೋಗ ಹೋಗಲೆಂದು ನೈವೇದ್ಯ, ಮೋಹಾಂಧಕಾರ ಅಳಿಯಲೆಂದು ದೀಪ, ಅಷ್ಟಕರ್ಮಗಳು ದಹಿಸಲೆಂದು ಧೂಪ, ಮೋಕ್ಷಫಲಕ್ಕಾಗಿ ಫಲ. ಗಂಧವನ್ನು ಅರ್ಪಿಸುವವನು 'ಇದು ನನಗೆ ಪ್ರಿಯವಾದದ್ದು, ಇದನ್ನು ಇಲ್ಲಿ ಬಿಟ್ಟೆ' ಎನ್ನುತ್ತಾನೆ. ಹಚ್ಚಿಕೊಳ್ಳುವವನು 'ಇದು ನನಗೆ ಪ್ರಿಯವಾದದ್ದು, ಇದನ್ನು ಮೈಮೇಲಿಟ್ಟುಕೊಂಡೆ' ಎನ್ನುತ್ತಾನೆ. ದ್ರವ್ಯ ಒಂದೇ, ಭಾವದ ದಿಕ್ಕು ಬೇರೆ.

ಇನ್ನೊಂದು ಮಾತು. ಕಣ್ಣು ದೂರದಿಂದಲೇ ನೋಡುತ್ತದೆ. ಮೂಗಾದರೋ ವಿಷಯವು ತನ್ನನ್ನು ಬಂದು ಮುಟ್ಟಿದ ಮೇಲೆಯೇ ಅರಿಯುತ್ತದೆ ಎಂಬುದು ನಮ್ಮ ಆಗಮದ ಸಿದ್ಧಾಂತ. ಇಂದಿನ ವಿಜ್ಞಾನವೂ ಇದನ್ನೇ ಹೇಳುತ್ತದೆ. ವಸ್ತುವಿನಿಂದ ಹೊರಟ ಸೂಕ್ಷ್ಮ ಕಣಗಳು ಮೂಗಿನೊಳಗೆ ಸೇರಿದಾಗಲೇ ವಾಸನೆಯ ಅರಿವು. ಆದ್ದರಿಂದ ನಮ್ಮ ಮೈಯ ತೀಕ್ಷ್ಣವಾದ ಸೆಂಟು ಪಕ್ಕದಲ್ಲಿ ಕುಳಿತವರನ್ನು ಅವರ ಅನುಮತಿಯಿಲ್ಲದೆ ಮುಟ್ಟುತ್ತದೆ. ಬಸದಿಯಲ್ಲಿ ನಮ್ಮ ಪಕ್ಕದಲ್ಲಿರುವವರು ಹದಿನಾರು ಯಾಮಗಳ, ಎಂದರೆ ನಲವತ್ತೆಂಟು ಗಂಟೆಗಳ, ಪ್ರೋಷಧೋಪವಾಸವನ್ನು ಹಿಡಿದ ವೃದ್ಧೆಯಾಗಿರಬಹುದು. ಬರಿ ಹೊಟ್ಟೆಯಲ್ಲಿ ಘಾಟಾದ ವಾಸನೆ ತಲೆಸುತ್ತನ್ನೂ ಓಕರಿಕೆಯನ್ನೂ ತರಬಲ್ಲದು. ಉಬ್ಬಸವಿರುವವರಿಗೆ ಉಸಿರು ಕಟ್ಟಬಹುದು. ಅವರ ಸಾಮಾಯಿಕಕ್ಕೆ ವಿಘ್ನವಾದರೆ ಅದರ ಪಾಲು ಯಾರದು? ಕಣ್ಣು ಮುಚ್ಚಿಕೊಂಡವರ ಎದುರು ದೀಪವನ್ನು ಎತ್ತಿ ಹಿಡಿದರೆ ಅವರಿಗೆ ಬಾಧೆಯಿಲ್ಲ. ಮೂಗನ್ನು ಮುಚ್ಚಿಕೊಂಡು ಸಾಮಾಯಿಕ ಮಾಡಲು ಯಾರಿಂದಲೂ ಆಗದು.

ಇನ್ನು ಪ್ರಾಣಿಸಂಯಮ. ಪರಿಮಳದ ಮೂಲವನ್ನು ವಿಚಾರಿಸುವುದು ಅಹಿಂಸಾವ್ರತಿಯ ಕರ್ತವ್ಯ. ಕಸ್ತೂರಿಯು ಗಂಡು ಕಸ್ತೂರಿಮೃಗದ ಹೊಟ್ಟೆಯ ಕೆಳಗಿನ ಗ್ರಂಥಿ. ಅದಕ್ಕಾಗಿ ಮೃಗವನ್ನು ಕೊಲ್ಲುತ್ತಿದ್ದರು. ಪುನುಗು, ಪುನುಗಿನ ಬೆಕ್ಕನ್ನು ಗೂಡಿನಲ್ಲಿ ಕೂಡಿ ಅದರ ಗ್ರಂಥಿಯಿಂದ ಕೆರೆದು ತೆಗೆಯುವ ದ್ರವ್ಯ. ಅಂಬರು ತಿಮಿಂಗಿಲದ ಕರುಳಿನಲ್ಲಿ ಹುಟ್ಟುವಂಥದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಸ್ತೂರಿಮೃಗಕ್ಕೆ ನಮ್ಮ ದೇಶದಲ್ಲಿ ರಕ್ಷಣೆಯಿದೆ. ಸೆಂಟುಗಳಲ್ಲಿ ಇಂದು ಬಹುಮಟ್ಟಿಗೆ ಕೃತಕ ಕಸ್ತೂರಿಯನ್ನೇ ಬಳಸುತ್ತಾರೆ. ಆದರೂ ಸಾಂಪ್ರದಾಯಿಕವೆಂದು ಹೇಳಿ ಮಾರುವ ಕಸ್ತೂರಿ, ಅಂಬರುಗಳ ವಿಷಯದಲ್ಲಿ ವಿಚಾರಿಸದೆ ಕೊಳ್ಳಬಾರದು.

ಗಿಡಮರಗಳಲ್ಲಿಯೂ ವಿವೇಕ ಬೇಕು. ಮರದಿಂದ ಬಿದ್ದ ಮಾದಳದ ಸಿಪ್ಪೆಗೂ ಬುಡಸಹಿತ ಕಿತ್ತ ಗಂಧದ ಮರಕ್ಕೂ ವ್ಯತ್ಯಾಸವಿದೆ. ಶ್ರೀಗಂಧದ ಪರಿಮಳವಿರುವುದು ಹೊರಗಿನ ಬಿಳಿಮರದಲ್ಲಲ್ಲ, ಒಳಗಿನ ತಿರುಳಿನಲ್ಲಿ. ಆ ತಿರುಳು ಬಲಿಯಲು ಹಲವು ವರ್ಷಗಳು ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಕಡಿಯದೆ ಬೇರುಸಹಿತ ಅಗೆದು ತೆಗೆಯುತ್ತಾರೆ. ಕಳ್ಳಸಾಗಣೆಯಿಂದ ಕಾಡಿನ ಗಂಧ ಎಷ್ಟು ಕ್ಷೀಣಿಸಿದೆಯೆಂಬುದು ಎಲ್ಲರಿಗೂ ತಿಳಿದದ್ದೇ. ಹೀಗಿರುವಾಗ ಬಸದಿಯಲ್ಲಿ ತೇಯುವ ಒಂದು ಕೊರಡು ಎಷ್ಟು ಕಾಲ ಬಾಳುತ್ತದೆ, ಸೀಸೆಗಳಲ್ಲಿ ಎಷ್ಟು ಮರ ಹರಿದುಹೋಗುತ್ತದೆ ಎಂಬುದನ್ನು ಎದುರುಬದುರು ಇಟ್ಟು ನೋಡಬೇಕು.

ಸೆಂಟಿನ ಇನ್ನೊಂದು ಅಂಶ ಮದ್ಯಸಾರ. ಸೀಸೆಯಲ್ಲಿರುವುದರ ಬಹುಪಾಲು ಅದೇ. ಪರಿಮಳದ ಎಣ್ಣೆ ಅದರಲ್ಲಿ ಕರಗಿರುತ್ತದೆ. ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ಕುಡಿಯುವುದಕ್ಕೂ ಹಚ್ಚುವುದಕ್ಕೂ ಭೇದವಿದೆಯೆಂದು ವಾದಿಸುವವರಿಗೆ ಉತ್ತರವಾಗಿ ನಾವು ಹೇಳಬಹುದಾದದ್ದು ಇಷ್ಟೆ: ಭೇದವಿರಲಿ, ಅಭಿಷೇಕಕ್ಕೆ ನಿಲ್ಲುವ ಮೈಮೇಲೆ, ಪೂಜಾದ್ರವ್ಯವನ್ನು ಮುಟ್ಟುವ ಕೈಮೇಲೆ ಅದು ಇರಲೇಬೇಕೆಂಬ ಹಟವೇಕೆ? ಸಂಶಯವಿರುವಲ್ಲಿ ಬಿಡುವುದೇ ವ್ರತಿಗೆ ಕ್ಷೇಮ. ದೀಪ ಧೂಪಗಳ ಹತ್ತಿರ ಅದನ್ನು ಸಿಂಪಡಿಸಿದರೆ ಬೆಂಕಿ ಹತ್ತುವ ಅಪಾಯವೂ ಇದೆಯೆಂಬುದನ್ನು ಮರೆಯಬಾರದು.

ಈಗ ಸುಗಂಧದಶಮಿಯ ಕಥೆಗೆ ಬರೋಣ. ಈ ಕಥೆಯನ್ನು ಅಪಭ್ರಂಶದಲ್ಲಿ ಉದಯಚಂದ್ರ ಕವಿ ಬರೆದಿದ್ದಾನೆ. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಸಿದ್ಧಾಂತಗ್ರಂಥವನ್ನು ಸಂಪಾದಿಸಿ ಉಪಕಾರ ಮಾಡಿದ ಡಾ. ಹೀರಾಲಾಲ್ ಜೈನರೇ ಈ ಕಥೆಯ ಅಪಭ್ರಂಶ, ಸಂಸ್ಕೃತ, ಗುಜರಾತಿ, ಮರಾಠಿ, ಹಿಂದಿ ಪಾಠಗಳನ್ನು ಒಟ್ಟುಗೂಡಿಸಿ 1966ರಲ್ಲಿ ಪ್ರಕಟಿಸಿದರು.

ವಾರಣಾಸಿಯ ಅರಸ ಪದ್ಮನಾಭನೂ ರಾಣಿ ಶ್ರೀಮತಿಯೂ ವಸಂತವಿಹಾರಕ್ಕೆಂದು ಹೊರಟಿದ್ದಾರೆ. ಎದುರಿಗೆ ಮಾಸೋಪವಾಸವನ್ನು ಮುಗಿಸಿದ ಮುನಿಗಳು ಆಹಾರಕ್ಕಾಗಿ ನಗರದ ಕಡೆಗೆ ಬರುತ್ತಾರೆ. ಅರಸನು ರಾಣಿಗೆ, ನೀನು ಹಿಂದಿರುಗಿ ಮುನಿಗಳಿಗೆ ಆಹಾರದಾನ ಮಾಡಿ ಬಾ ಎನ್ನುತ್ತಾನೆ. ವಿಹಾರದ ಸುಖಕ್ಕೆ ಅಡ್ಡಿಯಾಯಿತೆಂಬ ರೋಷ ರಾಣಿಯ ಮನಸ್ಸಿನಲ್ಲಿ ಹೊತ್ತುತ್ತದೆ. ಅರಸನ ಮೇಲೆ ತೋರಲಾಗದ ಆ ರೋಷವನ್ನು ಅವಳು ಮುನಿಗಳ ಮೇಲೆ ತೀರಿಸಿಕೊಂಡು, ಕಹಿಸೋರೆಯ ಆಹಾರವನ್ನು ಬಡಿಸುತ್ತಾಳೆ. ಮುನಿಗಳಿಗೆ ತೀವ್ರವಾದ ವೇದನೆಯುಂಟಾಗುತ್ತದೆ. ಆ ಪಾಪದ ಫಲವಾಗಿ ರಾಣಿ ಅರಮನೆಯನ್ನು ಕಳೆದುಕೊಂಡು, ರೋಗದಿಂದ ಸತ್ತು, ಹಲವು ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಕೊನೆಗೆ ಯಾರೂ ಹತ್ತಿರ ಸುಳಿಯಲಾರದಷ್ಟು ದುರ್ಗಂಧದ ಮೈಯುಳ್ಳ ಹುಡುಗಿಯಾಗಿ ಹುಟ್ಟುತ್ತಾಳೆ. ಮುನಿಗಳಿಂದ ತನ್ನ ಹಿಂದಿನ ಭವವನ್ನು ಕೇಳಿ ತಿಳಿದು, ಸುಗಂಧದಶಮಿಯ ವ್ರತವನ್ನು ಭಕ್ತಿಯಿಂದ ಆಚರಿಸಿ, ಮುಂದಿನ ಭವದಲ್ಲಿ ಕನಕಪುರದ ಶ್ರೇಷ್ಠಿಯ ಮಗಳಾದ ತಿಲಕಮತಿಯಾಗಿ, ಸಹಜವಾಗಿಯೇ ಪರಿಮಳಿಸುವ ಮೈಯವಳಾಗಿ ಹುಟ್ಟುತ್ತಾಳೆ. ಮಲತಾಯಿಯ ಕಾಟವನ್ನು ತಾಳ್ಮೆಯಿಂದ ಸಹಿಸಿ ಕೊನೆಗೆ ಅರಸನ ಕೈಹಿಡಿಯುತ್ತಾಳೆ.

ಮನೆಗಳಲ್ಲಿ ಈ ಕಥೆಯನ್ನು ಹೇಳುವಾಗ, ವ್ರತ ಮಾಡಿದರೆ ಸುಂದರವಾದ ಮೈ ಬರುತ್ತದೆ ಎಂದು ಮುಗಿಸಿಬಿಡುತ್ತೇವೆ. ಅಲ್ಲಿಗೇ ನಿಂತರೆ ವ್ರತವೂ ಒಂದು ಸೆಂಟಿನ ಸೀಸೆಯಾಗಿಬಿಡುತ್ತದೆ. ರಾಣಿ ಶ್ರೀಮತಿಯ ಅರಮನೆಯಲ್ಲಿ ಚಂದನಕ್ಕೇನು ಕೊರತೆಯಿತ್ತು? ವಸಂತವಿಹಾರಕ್ಕೆ ಹೊರಟ ರಾಣಿ ಅಂದು ಮೈತುಂಬ ಪರಿಮಳವನ್ನು ಪೂಸಿಕೊಂಡೇ ಹೊರಟಿದ್ದಳೆಂದು ಊಹಿಸಬಹುದು. ಚರ್ಮದ ಮೇಲೆ ಸುಗಂಧ, ಮನಸ್ಸಿನಲ್ಲಿ ರೋಷ. ಭವಾಂತರಕ್ಕೆ ಅವಳ ಸಂಗಡ ಬಂದದ್ದು ಎರಡನೆಯದು ಮಾತ್ರ. ಕಥೆಯ ಕೀಲು ಇಲ್ಲಿದೆ.

ಇಲ್ಲಿಯೇ ನಾವು ವಾಸನಾಕಾಲವೆಂಬ ಶಾಸ್ತ್ರದ ಮಾತನ್ನು ನೆನೆಯಬೇಕು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕ್ರೋಧ, ಮಾನ, ಮಾಯಾ, ಲೋಭ ಎಂಬ ಕಷಾಯಗಳ ವಾಸನಾಕಾಲವನ್ನು ಹೇಳಿದ್ದಾರೆ. ಸಿಟ್ಟು ಉದಯಿಸಿತು, ಅಡಗಿತು. ಆದರೂ ಅದರ ಸಂಸ್ಕಾರ ಎಷ್ಟು ಕಾಲ ಒಳಗೆ ಉಳಿಯುತ್ತದೆ? ಆ ಉಳಿಯುವ ಅವಧಿಗೆ ವಾಸನಾಕಾಲವೆಂದು ಹೆಸರು. ಹೂವು ತೆಗೆದ ಮೇಲೂ ಬುಟ್ಟಿಯಲ್ಲಿ ಪರಿಮಳವಿರುವಂತೆ, ಸಿಟ್ಟಿನ ಮಾತು ಮುಗಿದ ಮೇಲೂ ಜೀವದಲ್ಲಿ ಅದರ ವಾಸನೆಯಿರುತ್ತದೆ.

ಸಂಜ್ವಲನ ಕಷಾಯದ ವಾಸನೆ ಒಂದು ಅಂತರ್ಮುಹೂರ್ತ, ಎಂದರೆ ನಲವತ್ತೆಂಟು ನಿಮಿಷಗಳ ಒಳಗೆ. ನೀರಿನ ಮೇಲೆ ಎಳೆದ ಗೆರೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಮರಳಿನ ಮೇಲಣ ಗೆರೆ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ನೆಲ ಬಿರಿದ ಗೆರೆ, ಮಳೆ ಬಂದರೆ ಮುಚ್ಚೀತು. ಅನಂತಾನುಬಂಧಿಯದು ಆರು ತಿಂಗಳನ್ನು ಮೀರಿ ಭವಭವಗಳ ತನಕ ಹೋಗುವಂಥದು. ಕಲ್ಲಿನ ಮೇಲೆ ಕೊರೆದ ಗೆರೆ. ಸಂಜ್ವಲನವು ಯಥಾಖ್ಯಾತ ಚಾರಿತ್ರ್ಯವನ್ನೂ, ಪ್ರತ್ಯಾಖ್ಯಾನಾವರಣವು ಮಹಾವ್ರತವನ್ನೂ, ಅಪ್ರತ್ಯಾಖ್ಯಾನಾವರಣವು ಶ್ರಾವಕನ ಅಣುವ್ರತವನ್ನೂ ತಡೆಯುತ್ತದೆ. ಅನಂತಾನುಬಂಧಿಯು ಸಮ್ಯಕ್ತ್ವವನ್ನೇ ತಡೆಯುತ್ತದೆ.

ಹಿಂದೆ ಹೇಳಿದ ಮೂರು ಆಯುಷ್ಯಗಳನ್ನು ಈಗ ನೆನಪಿಸಿಕೊಳ್ಳಿ. ನಿಂಬೆಯ ಸಿಪ್ಪೆಯ ಹಾಗೆ ಚುರುಕ್ಕೆಂದು ಬಂದು ಹೋಗುವ ಸಿಟ್ಟುಂಟು. ತಾಯಿ ಮಗುವಿನ ಮೇಲೆ ಗದರಿ ಮರುಗಳಿಗೆ ಎತ್ತಿಕೊಳ್ಳುವಂಥದು. ಮೆಣಸು ಲವಂಗಗಳ ಹಾಗೆ ಬಿಸುಪನ್ನು ಹಿಡಿದಿಟ್ಟುಕೊಂಡು ಕೆಲಕಾಲ ಉರಿಯುವ ಸಿಟ್ಟುಂಟು. ಮರದ ವಾಸನೆಯ ಹಾಗೆ ಸದ್ದಿಲ್ಲದೆ ಬಟ್ಟೆಯೊಳಗೆ ಕುಳಿತು ತಿಂಗಳುಗಟ್ಟಲೆ ಬಿಡದ ಸಿಟ್ಟುಂಟು. ಅಜ್ಜಿಯ ಗಂಧದ ಪೆಟ್ಟಿಗೆಯನ್ನು ಮೊಮ್ಮಗಳು ತೆರೆದರೂ ವಾಸನೆ ಬರುವಂತೆ, ಮನೆತನದ ಒಂದು ತಲೆಮಾರಿನ ವೈರವು ಮುಂದಿನ ತಲೆಮಾರಿನ ಮೂಗಿಗೆ ಹೊಡೆಯುವುದೂ ಉಂಟು. ಮೊದಲು ಬರುವ ವಾಸನೆ ತೀಕ್ಷ್ಣವಾದದ್ದು, ಆದ್ದರಿಂದ ಅದನ್ನು ನಾವು ದೊಡ್ಡದೆಂದು ತಿಳಿಯುತ್ತೇವೆ. ಅಪಾಯವಿರುವುದು ಕೊನೆಯ ವರೆಗೆ ಉಳಿಯುವ ಮೃದುವಾದ ವಾಸನೆಯಲ್ಲಿ. ಕೂಗಾಡುವವನಿಗಿಂತ ಮಾತು ಬಿಟ್ಟವನು ತನ್ನನ್ನು ಹೆಚ್ಚು ಪರೀಕ್ಷಿಸಿಕೊಳ್ಳಬೇಕು.

ನಮ್ಮ ತುಳುನಾಡಿನ ಮನೆಗಳ ಮಾತನ್ನೇ ತೆಗೆದುಕೊಳ್ಳಿ. ಅಡಕೆ ತೋಟದ ಪಾಲಿನಲ್ಲೋ, ಅಳಿಯಸಂತಾನದ ಹಳೆಯ ಹಕ್ಕಿನಲ್ಲೋ, ಬಾವಿಯ ನೀರಿನಲ್ಲೋ ಅಣ್ಣತಮ್ಮಂದಿರು, ಅಕ್ಕತಂಗಿಯರು ಮುನಿಸಿಕೊಳ್ಳುತ್ತಾರೆ. ಒಂದೇ ಬಸದಿಗೆ ಬರುತ್ತಾರೆ, ಒಬ್ಬರು ಹೋದ ಮೇಲೆ ಇನ್ನೊಬ್ಬರು. ಇಬ್ಬರ ಮನೆಯಲ್ಲಿಯೂ ಸುಗಂಧದಶಮಿಯ ಉಪವಾಸ ನಡೆಯುತ್ತದೆ. ಈ ವ್ರತವನ್ನು ಹತ್ತು ವರ್ಷ ನಡೆಸಿ ಉದ್ಯಾಪನೆ ಮಾಡುವುದು ಸಂಪ್ರದಾಯ. ಹತ್ತು ದಶಮಿಗಳು ಉಪವಾಸದಲ್ಲಿ ಕಳೆದವು. ಉದ್ಯಾಪನೆಗೆ ಊರನ್ನೆಲ್ಲ ಕರೆದರು. ದಾಯಾದಿಯ ಮನೆಯೊಂದನ್ನು ಬಿಟ್ಟು. ಒಂದು ದಶಮಿಯಿಂದ ಇನ್ನೊಂದು ದಶಮಿಗೆ ಹನ್ನೆರಡು ತಿಂಗಳು. ನೇಮಿಚಂದ್ರರು ಕೊಟ್ಟ ಅವಧಿ ಆರು ತಿಂಗಳು. ಕಳೆದ ದಶಮಿಯ ಮುನಿಸು ಈ ದಶಮಿಯಲ್ಲಿಯೂ ನಮ್ಮೊಳಗೆ ಹಸಿಯಾಗಿದ್ದರೆ, ನಾವು ಪಣಕ್ಕಿಟ್ಟಿರುವುದು ತೋಟವನ್ನಲ್ಲ, ಸಮ್ಯಕ್ತ್ವವನ್ನು. ಈ ಲೆಕ್ಕವನ್ನು ನೆರೆಯವರ ಮೇಲೆ ಹಾಕಲು ನಮಗೆ ಅಧಿಕಾರವಿಲ್ಲ. ಪ್ರತಿಯೊಬ್ಬನೂ ತನ್ನ ಮೇಲೆ ತಾನೇ ಹಾಕಿಕೊಳ್ಳಬೇಕಾದದ್ದು.

ಆದರೆ ತನ್ನ ವಾಸನೆ ತನಗೆ ತಿಳಿಯುವುದು ಕಷ್ಟ. ಸೆಂಟು ಹಚ್ಚಿಕೊಂಡವನ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಪರಿಮಳ ಮುಗಿಯಿತೆಂದು ಅವನು ಇನ್ನಷ್ಟು ಹಚ್ಚುತ್ತಾನೆ. ಎದುರಿನವರು ಮಾತ್ರ ಅದನ್ನು ಮೊದಲಿನಷ್ಟೇ ತೀಕ್ಷ್ಣವಾಗಿ ಅನುಭವಿಸುತ್ತಿರುತ್ತಾರೆ. ಕಷಾಯವೂ ಹಾಗೆಯೇ. 'ನನಗೆ ಯಾರ ಮೇಲೂ ಸಿಟ್ಟಿಲ್ಲ' ಎಂದು ನಾವು ಪ್ರಾಮಾಣಿಕವಾಗಿಯೇ ಹೇಳುತ್ತೇವೆ. ಮನೆಯ ಹೆಂಗಸರಿಗೂ ಮಕ್ಕಳಿಗೂ ಅದು ದಿನವೂ ತಿಳಿಯುತ್ತಿರುತ್ತದೆ. ಇದಕ್ಕಾಗಿಯೇ ಆಚಾರ್ಯರು ಆಲೋಚನೆಯನ್ನೂ ಪ್ರತಿಕ್ರಮಣವನ್ನೂ ವಿಧಿಸಿದರು. ಗುರುಗಳ ಸನ್ನಿಧಿಯಲ್ಲಿ ದೋಷವನ್ನು ಹೇಳಿಕೊಳ್ಳಬೇಕೆಂದರು. ದಿನಕ್ಕೊಮ್ಮೆ, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಪ್ರತಿಕ್ರಮಣವೆಂಬ ಕ್ರಮವನ್ನು ವಾಸನಾಕಾಲದ ಪಕ್ಕದಲ್ಲಿಟ್ಟು ನೋಡಿದರೆ, ವಾಸನೆ ಕಲ್ಲಿಗಿಳಿಯುವ ಮೊದಲೇ ಬಟ್ಟೆಯನ್ನು ಒಗೆಯುವ ಈ ವ್ಯವಸ್ಥೆಯ ಕಾರುಣ್ಯ ತಿಳಿಯುತ್ತದೆ.

ಕಾರ್ಕಳದ ಬೆಟ್ಟದ ಮೇಲೆ ಸುಮಾರು 42 ಅಡಿ ಎತ್ತರದ ಬಾಹುಬಲಿ ಸ್ವಾಮಿ ನಿಂತಿದ್ದಾನೆ. ಲಲಿತಕೀರ್ತಿ ಮುನಿಗಳ ಉಪದೇಶದಂತೆ ಭೈರರಸರ ವೀರಪಾಂಡ್ಯನು 1432ರಲ್ಲಿ ಆ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. 2015ರ ಜನವರಿಯ ಮಹಾಮಸ್ತಕಾಭಿಷೇಕವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ನೀರು, ಎಳನೀರು, ಕಬ್ಬಿನ ರಸ, ಹಾಲು, ಅರಶಿನ, ಕಷಾಯ, ಚಂದನ, ಅಷ್ಟಗಂಧ ಒಂದಾದ ಮೇಲೊಂದು ಆ ಭುಜಗಳಿಂದ ಇಳಿದವು. ಬಿಳುಪು, ಹಳದಿ, ಕೆಂಪು ಬಣ್ಣಗಳು ಬಂದವು, ಹೋದವು. ಪರಿಮಳ ಬೆಟ್ಟವನ್ನೆಲ್ಲ ತುಂಬಿತು, ಗಾಳಿಗೆ ಕರಗಿತು. ಕೊನೆಯ ಜಲಾಭಿಷೇಕ ಮುಗಿದಾಗ ಕಲ್ಲು ಮೊದಲಿನ ಕಲ್ಲೇ. ಸುರಿದ ಗಂಧವನ್ನು ಅವನು ಹಿಡಿದಿಟ್ಟುಕೊಳ್ಳಲಿಲ್ಲ.

ಆ ಸ್ವಾಮಿಯ ಚರಿತ್ರೆಯೂ ವಾಸನೆಯ ಚರಿತ್ರೆಯೇ. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದವನು ರಾಜ್ಯವನ್ನು ಬಿಟ್ಟನು, ವಸ್ತ್ರವನ್ನು ಬಿಟ್ಟನು, ಆಹಾರವನ್ನು ಬಿಟ್ಟು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿ ಮೈಯನ್ನು ಹಬ್ಬಿತು, ಹುತ್ತ ಬೆಳೆಯಿತು. ಅಷ್ಟಾದರೂ ಕೇವಲಜ್ಞಾನ ತಡವಾಯಿತು. ಅಣ್ಣನಿಗೆ ನನ್ನಿಂದ ಸಂಕ್ಲೇಶವಾಯಿತಲ್ಲ ಎಂಬ ಒಂದು ಎಳೆ ಒಳಗೆ ಉಳಿದಿತ್ತೆಂದು ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುತ್ತಾರೆ. ನಾನು ನಿಂತ ನೆಲ ಭರತನದೆಂಬ ಭಾವವೆಂದು ನಮ್ಮ ನಾಡಿನ ಜನ ಹೇಳಿಕೊಂಡು ಬಂದಿದ್ದಾರೆ. ಹೇಗೆ ಹೇಳಿದರೂ ಅದು ದೊಡ್ಡ ಕೋಪವಲ್ಲ. ಹಚ್ಚಿದ್ದೆಲ್ಲ ಆರಿದ ಮೇಲೆ ಉಳಿದ ಕೊನೆಯ ವಾಸನೆ. ಭರತ ಚಕ್ರವರ್ತಿಯೇ ಬಂದು ತಮ್ಮನ ಪಾದಕ್ಕೆ ಅರ್ಘ್ಯವನ್ನೆತ್ತಿದಾಗ ಆ ಎಳೆ ಕಡಿಯಿತು. ಗೆದ್ದವನೆಲ್ಲೋ, ಸೋತವನೆಲ್ಲೋ, ಮೊದಲು ಎದ್ದು ಬಂದವನು ಅಣ್ಣ. ವಯಸ್ಸಿನಲ್ಲಿ ಹಿರಿಯರಾದವರು, ಅವನೇ ಮೊದಲು ಬರಲಿ ಎಂದು ಕಾದು ಕುಳಿತಿದ್ದರೆ, ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ದಿಟ್ಟತನವೆಂದರೆ ಅದು. ಚಕ್ರರತ್ನವಿದ್ದವನು ಬೆತ್ತಲೆ ನಿಂತ ತಮ್ಮನ ಎದುರು ಬಾಗುವುದಕ್ಕೆ ಬೇಕಾದ ದಿಟ್ಟತನವನ್ನು ಯಾವ ಅಂಗಡಿಯ ಸೀಸೆಯೂ ಕೊಡಲಾರದು.

ಆದ್ದರಿಂದ ಮುಂಬರುವ ಸುಗಂಧದಶಮಿಗೆ ಮನೆಮನೆಯಲ್ಲಿ ನಡೆಸಬಹುದಾದ ಕೆಲವು ನಿಯಮಗಳನ್ನು ಸೂಚಿಸುತ್ತೇವೆ.

ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣದ ಹತ್ತು ದಿನಗಳಲ್ಲಿ ಸೆಂಟು, ಅತ್ತರುಗಳನ್ನು ಬಿಡುವ ನಿಯಮವನ್ನು ಹಿಡಿಯಿರಿ. ಮಕ್ಕಳಿಗೆ ಒಂದು ದಶಮಿಯಿಂದ ಆರಂಭವಾಗಲಿ.

ಬಸದಿಗೆ ಹೋಗುವಾಗ, ಎಂದೇ ಆಗಲಿ, ತೀಕ್ಷ್ಣವಾದ ವಾಸನೆಯನ್ನು ಮೈಮೇಲೆ ಒಯ್ಯಬೇಡಿ. ಶುದ್ಧವಾದ ನೀರಿನ ಸ್ನಾನ, ಒಗೆದ ಬಟ್ಟೆ ಸಾಕು.

ಕೊಳ್ಳುವ ಪರಿಮಳದ್ರವ್ಯದಲ್ಲಿ ಪ್ರಾಣಿಜನ್ಯ ವಸ್ತುವಿಲ್ಲವೆಂದು ವಿಚಾರಿಸಿಯೇ ಕೊಳ್ಳಿ. ಮನೆಗೆ ಇಂತಿಷ್ಟು ಎಂದು ಪರಿಮಾಣವನ್ನು ಗೊತ್ತುಮಾಡಿಕೊಳ್ಳಿ.

ಧೂಪವನ್ನು ಜರಡಿ ಹಿಡಿದು, ಹುಳುಹುಪ್ಪಟೆಗಳಿಲ್ಲವೆಂದು ನೋಡಿ, ಚಿಟಿಕೆಯಷ್ಟೇ ಹಾಕಿ. ಗರ್ಭಗೃಹ ಹೊಗೆಯಿಂದ ತುಂಬಿದರೆ ಭಕ್ತಿ ಹೆಚ್ಚಿತೆಂದು ಅರ್ಥವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಧೂಪವನ್ನು ಕೈಯಲ್ಲಿ ಹಿಡಿದಾಗ, ಆರು ತಿಂಗಳಿಗಿಂತ ಹಳೆಯ ಮುನಿಸು ಯಾರ ಮೇಲಿದೆಯೆಂದು ಒಬ್ಬರ ಹೆಸರನ್ನಾದರೂ ಮನಸ್ಸಿನಲ್ಲಿ ನೆನೆಯಿರಿ. ಕ್ಷಮಾವಳಿಯ ದಿನ ಮುದ್ರಿಸಿದ ಪತ್ರವನ್ನು ನೂರು ಜನಕ್ಕೆ ಕಳಿಸುವ ಮೊದಲು ಆ ಒಂದು ಮನೆಯ ಮೆಟ್ಟಿಲನ್ನು ಹತ್ತಿರಿ. ಅವರು ಮಾತನಾಡಿದರೂ ಸರಿ, ಆಡದಿದ್ದರೂ ಸರಿ; ಕ್ಷಮೆಯನ್ನು ಕೇಳುವುದು ನಮ್ಮ ಕೆಲಸ, ಕೊಡುವುದು ಅವರ ಪುಣ್ಯ.

ಶೀತಲನಾಥ ಸ್ವಾಮಿಯ ಸ್ಮರಣೆಯು ನಮ್ಮ ಕಷಾಯಗಳ ತಾಪವನ್ನು ತಣಿಸಲಿ. ಎಲ್ಲ ಶ್ರಾವಕ-ಶ್ರಾವಿಕೆಯರ ವ್ರತಗಳು ನಿರ್ವಿಘ್ನವಾಗಿ ನೆರವೇರಲಿ. ಸರ್ವರಿಗೂ ಧರ್ಮವೃದ್ಧಿಯಾಗಲಿ.